ಎರವಲು ತಂದದ್ದು, ಹಣ ಕೊಟ್ಟು ತಂದದ್ದು



ನನ್ನ ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ ನನ್ನದಲ್ಲದ ವಸ್ತುವೊಂದು 2007ರಿಂದ ಕುಳಿತಿದೆ. ಅದೊಂದು ವಿಡಿಯೋ ಗೇಮಿನ ಡಿಸ್ಕ್. ಆ ದಿನಗಳಲ್ಲಿ ನಾವು ಅದನ್ನು ಸಿಡಿ ಎಂದೇ ಕರೆಯುತ್ತಿದ್ದೆವು. ಅದರ ಮೇಲ್ಮೈಯಲ್ಲಿ ಕಪ್ಪು ಮಾರ್ಕರ್ ಪೆನ್ನಿನಿಂದ ಒಂದು ಹೆಸರನ್ನು ಬರೆಯಲಾಗಿದೆ. ನಮ್ಮ ಪಕ್ಕದ ಮನೆಯಲ್ಲಿದ್ದ, ನನಗಿಂತ ಆರೇಳು ವರ್ಷ ಹಿರಿಯರಾದ ಒಬ್ಬ ಅಣ್ಣನ ಹೆಸರು ಅದು. ಅವರ ಅನುಮತಿಯನ್ನು ಕೇಳಿಲ್ಲವಾದ್ದರಿಂದ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಆಟದ ಹೆಸರು 'ಷ್ಯಾಡೋ ಆಫ್ ದಿ ಕೊಲೊಸಸ್'. ಜಪಾನಿನ ಫುಮಿಟೊ ಉಯೆಡಾ ಅವರ ನಿರ್ದೇಶನದಲ್ಲಿ ತಯಾರಾಗಿ 2005ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಬಿಡುಗಡೆಯಾದ ಕೃತಿ ಇದು. ವಿಡಿಯೋ ಗೇಮ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಗುಂಡಿನ ಸುರಿಮಳೆ, ಕಾರುಗಳ ಓಟ ಬರಬಹುದು; ಇದರಲ್ಲಿ ಅವೆರಡೂ ಇಲ್ಲ. ತರುಣನೊಬ್ಬ ಮೃತಳಾದ ಕನ್ಯೆಯೊಬ್ಬಳನ್ನು ಕುದುರೆಯ ಮೇಲೆ ಮಲಗಿಸಿಕೊಂಡು, ಯಾರೂ ಕಾಲಿಡಬಾರದ ನಾಡೊಂದಕ್ಕೆ ಬರುತ್ತಾನೆ. ಅವಳಿಗೆ ಮತ್ತೆ ಜೀವ ಬರಬೇಕಾದರೆ ಆ ನಾಡಿನ 16 ದೈತ್ಯರನ್ನು ಅವನು ಉರುಳಿಸಬೇಕು. ಊರಿಲ್ಲ, ಜನರಿಲ್ಲ, ಸಣ್ಣಪುಟ್ಟ ಶತ್ರುಗಳೂ ಇಲ್ಲ. ವಿಶಾಲವಾದ ಬಯಲು, ಗಾಳಿ ಮತ್ತು ಕುದುರೆಯ ಗೊರಸಿನ ಸದ್ದು, ಇಷ್ಟೇ. ಪ್ರತಿಯೊಂದು ದೈತ್ಯನೂ ಬಿದ್ದಾಗ ಗೆಲುವಿನ ಹಿಗ್ಗಿನ ಬದಲು ಶೋಕದ ಸಂಗೀತ ಕೇಳಿಬರುತ್ತದೆ. ತಾನು ಮಾಡುತ್ತಿರುವುದು ಸರಿಯೇ ಎಂಬ ಸಂದೇಹ ಆಡುವವನನ್ನು ಮೊದಲ ದೈತ್ಯನಿಂದಲೇ ಹಿಂಬಾಲಿಸುತ್ತದೆ. ಆ ತರುಣನ ಕೈಯಲ್ಲಿರುವ ಖಡ್ಗವೂ ಅವನದಲ್ಲ, ಕದ್ದು ತಂದದ್ದು. ಇದು ತಿಳಿಯುವುದು ಕಥೆ ಬಹಳ ದೂರ ಸಾಗಿದ ಮೇಲೆ.

ಬೀದಿಬದಿಯಲ್ಲಿ ನಕಲಿ ಡಿಸ್ಕ್‌ಗಳು ಅಗ್ಗದಲ್ಲಿ ದೊರೆಯುತ್ತಿದ್ದ ಕಾಲದಲ್ಲಿ, ಆ ಅಣ್ಣ ತಮ್ಮ ಮೊದಲ ಸಂಬಳಗಳಲ್ಲಿ ಉಳಿಸಿ ಅಸಲಿ ಡಿಸ್ಕನ್ನೇ ಕೊಂಡಿದ್ದರು. "ಮುಗಿಸಿ ಕೊಡು" ಎಂದಷ್ಟೇ ಹೇಳಿ ನನ್ನ ಕೈಗಿತ್ತರು. ನಾನು 15 ದೈತ್ಯರನ್ನು ಉರುಳಿಸಿದೆ. ಕೊನೆಯವನ ಮುಂದೆ ದಿನಗಟ್ಟಲೆ ಸೋತೆ. ಅಷ್ಟರಲ್ಲಿ ಅವರಿಗೆ ಕೊಲ್ಲಿ ರಾಷ್ಟ್ರವೊಂದರಲ್ಲಿ ಉದ್ಯೋಗ ದೊರೆಯಿತು. ಹೊರಡುವ ಎರಡು ದಿನ ಮೊದಲು ಬಂದು ಡಿಸ್ಕ್ ಕೇಳಿದರು. ಅದು ನನ್ನ ಮೇಜಿನ ಸೆಳೆಖಾನೆಯಲ್ಲೇ ಇತ್ತು. "ಎಲ್ಲೋ ಇಟ್ಟಿದ್ದೇನೆ ಅಣ್ಣ, ಹುಡುಕಿ ತಂದುಕೊಡುತ್ತೇನೆ" ಎಂದೆ. ಅವರು ನಂಬಿದರು, ಅಥವಾ ನಂಬಿದಂತೆ ನಟಿಸಿದರು. ನಾನು ಹುಡುಕಲಿಲ್ಲ, ಅವರು ಹೊರಟುಹೋದರು. ಕೆಲವು ವರ್ಷಗಳ ನಂತರ ಅವರ ಮನೆಯವರೂ ಬೇರೆ ಊರಿಗೆ ಹೋದರು. ಆ ಕೊನೆಯ ದೈತ್ಯನನ್ನೂ ನಾನು ಆಗ ಗೆಲ್ಲಲಿಲ್ಲ.

ಈ ಕಥೆಯನ್ನು ಇಂದು ತೆಗೆಯಲು ಕಾರಣವಿದೆ. ಇದೇ ಆಟದ ನವೀಕೃತ ರೂಪ 2018ರಲ್ಲಿ ಪ್ಲೇಸ್ಟೇಷನ್ 4ಕ್ಕಾಗಿ ಹೊರಬಂದಿತು. 2020ರ ಮಾರ್ಚ್ ತಿಂಗಳಲ್ಲಿ ಪ್ಲೇಸ್ಟೇಷನ್ ಪ್ಲಸ್ ಎಂಬ ಸೇವೆಯು ತನ್ನ ಚಂದಾದಾರರಿಗೆ ಆ ತಿಂಗಳ ಆಟಗಳಲ್ಲಿ ಒಂದಾಗಿ ಇದನ್ನು ನೀಡಿತು. ಅದೇ ತಿಂಗಳ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡದ್ದು ನಿಮಗೆ ನೆನಪಿರಬಹುದು. ಮನೆಯೊಳಗೇ ಕುಳಿತ ಆ ದಿನಗಳಲ್ಲಿ ನಾನು ಕೊನೆಗೂ ಹದಿನಾರನೆಯ ದೈತ್ಯನ ತಲೆಯನ್ನೇರಿದೆ. ಹುಲ್ಲಿನ ಒಂದೊಂದು ಎಸಳೂ ಎದ್ದು ಕಾಣುವಷ್ಟು ಸುಂದರವಾಗಿತ್ತು ಆ ಹೊಸ ರೂಪ. ಆದರೆ ಅದು ನನ್ನದೇ? ಸೇವೆಯ ನಿಯಮ ಸ್ಪಷ್ಟವಾಗಿದೆ: ಹೀಗೆ ಪಡೆದ ಆಟಗಳು ಚಂದಾ ಚಾಲ್ತಿಯಲ್ಲಿರುವವರೆಗೆ ಮಾತ್ರ ತೆರೆದುಕೊಳ್ಳುತ್ತವೆ, ಚಂದಾ ನಿಂತ ದಿನ ಆಟದ ಚಿತ್ರದ ಮೇಲೆ ಒಂದು ಪುಟ್ಟ ಬೀಗದ ಗುರುತು ಮೂಡುತ್ತದೆ.

ನೀವೂ ಚಂದಾದಾರರೇ, ಈ ಮಾಸಪತ್ರಿಕೆಗೆ. ಮುಂದಿನ ವರ್ಷ ನೀವು ಚಂದಾ ಕಟ್ಟದಿದ್ದರೆ ಹೊಸ ಸಂಚಿಕೆ ಬರಲಾರದು, ನಿಜ. ಆದರೆ ನಿಮ್ಮ ಮನೆಗೆ ಯಾರೋ ಬಂದು ಹಳೆಯ ಸಂಚಿಕೆಗಳಿಗೆಲ್ಲ ಬೀಗ ಹಾಕಿ ಹೋಗುವುದಿಲ್ಲ. ಓದಿದ ಸಂಚಿಕೆಯನ್ನು ನೀವು ನೆರೆಮನೆಗೆ ಕೊಡಬಹುದು, ಆಸ್ಪತ್ರೆಯಲ್ಲಿರುವ ಬಂಧುವಿನ ಹಾಸಿಗೆಯ ಪಕ್ಕದಲ್ಲಿಟ್ಟು ಬರಬಹುದು, ರದ್ದಿಗೂ ಹಾಕಬಹುದು. ಚಂದಾ ಎಂಬ ಒಂದೇ ಪದ ಎಷ್ಟು ಭಿನ್ನವಾದ ಎರಡು ಸಂಬಂಧಗಳನ್ನು ಹೊತ್ತು ನಿಂತಿದೆ ನೋಡಿ.

ಒಂದು ವಸ್ತು 'ನನ್ನದು' ಎನ್ನಲು ಏನು ಬೇಕು? ಹಣ ತೆತ್ತ ರಸೀದಿಯೇ? ಹಾಗಾದರೆ ನನ್ನ ಯಂತ್ರದ ಪಟ್ಟಿಯಲ್ಲಿ ಪೂರ್ಣ ಬೆಲೆ ತೆತ್ತು ಇಳಿಸಿಕೊಂಡ ಹಲವು ಆಟಗಳಿವೆ. ಅವುಗಳಲ್ಲಿ ಒಂದನ್ನೂ ನಾನು ಊರಿನ ಗೆಳೆಯನ ಕೈಗಿತ್ತು, ಮುಗಿಸಿ ಕೊಡು ಎನ್ನಲಾರೆ. ನನ್ನದಲ್ಲದ ಆ ಡಿಸ್ಕನ್ನಾದರೋ ಈಗಲೂ ಯಾರಿಗೆ ಬೇಕಾದರೂ ಕೊಡಬಲ್ಲೆ. ಕೊಡಬಾರದೆಂಬುದು ಬೇರೆ ಮಾತು. ಹಾಗೆ ಕೊಡುವ ಸಾಮರ್ಥ್ಯ ಕೈಯಲ್ಲಿರುವುದರಿಂದಲೇ 'ಕೊಡಬಾರದು' ಎಂಬ ಕರ್ತವ್ಯವೂ ಹುಟ್ಟುತ್ತದೆಂಬುದನ್ನು ನಾವು ಗಮನಿಸಬೇಕು.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾದುದು. ಹಣ ತಂದರೆ ಸಾಲ ಅಥವಾ ಕೈಗಡ. ತಂದ ನೋಟನ್ನೇ ಹಿಂದಿರುಗಿಸಬೇಕಾಗಿಲ್ಲ. ಹಾರೆ, ಏಣಿ, ಪುಸ್ತಕಗಳನ್ನು ತಂದರೆ ಎರವಲು. ತಂದ ವಸ್ತುವೇ ಹಿಂದಿರುಗಬೇಕು. ಪ್ರಾಚೀನ ರೋಮನ್ನರ ನ್ಯಾಯಶಾಸ್ತ್ರವೂ ಇವೆರಡನ್ನು ಬೇರೆ ಬೇರೆ ಒಪ್ಪಂದಗಳೆಂದೇ ಪರಿಗಣಿಸಿತ್ತು. ಒಂದು ಪ್ರಯಾಣಕ್ಕೆಂದು ಎರವಲು ಪಡೆದ ಕುದುರೆಯನ್ನು ಅದಕ್ಕಿಂತ ದೂರಕ್ಕೆ ಓಡಿಸಿದವನು ಕಳ್ಳನಾಗುತ್ತಾನೆಂದು ಅವರ ನ್ಯಾಯಗ್ರಂಥಗಳು ಉದಾಹರಿಸುತ್ತವೆ. ಇದನ್ನು ಮೊದಲು ಓದಿದಾಗ ನನಗೆ ನಗು ಬರಲಿಲ್ಲ. ನಾನೂ ಕುದುರೆಯನ್ನು ಬಹಳ ದೂರ ಓಡಿಸಿದವನೇ. ಕನ್ನಡದಲ್ಲಿ ಇನ್ನೂ ಒಂದು ಮಾತಿದೆ: ಎರವಾಗು. ಪ್ರೀತಿಗೆ ಎರವಾದ, ವಿಶ್ವಾಸಕ್ಕೆ ಎರವಾದ ಎನ್ನುತ್ತೇವೆ. ಎರವು ತಂದುಕೊಳ್ಳುವುದೂ ಎರವಾಗುವುದೂ ಎಷ್ಟು ಸಮೀಪದಲ್ಲಿವೆ!

ವಸ್ತುವನ್ನು ಸ್ವಂತ ಮಾಡಿಕೊಳ್ಳದೆ ಬಳಸಲು ಸಾಧ್ಯವೇ ಎಂಬ ಪ್ರಶ್ನೆ ಈ ಗಣಕಯುಗದ ಶೋಧವೇನಲ್ಲ. ಅಸಿಸ್ಸಿಯ ಸಂತ ಫ್ರಾನ್ಸಿಸರ ಅನುಯಾಯಿಗಳಾದ ಸಹೋದರರು, ತಾವು ಯಾವುದರ ಒಡೆಯರೂ ಅಲ್ಲ, ಬಳಸುವವರು ಮಾತ್ರ ಎಂದು ಹೇಳಿಕೊಂಡರು. 1279ರಲ್ಲಿ ಜಗದ್ಗುರು ಮೂರನೇ ನಿಕೋಲಾಸರು ಇದನ್ನು ಒಪ್ಪಿ, ಆ ವಸ್ತುಗಳ ಒಡೆತನ ಧರ್ಮಸಭೆಯದೆಂದೂ ಬಳಕೆ ಸಹೋದರರದೆಂದೂ ವಿಧಿಸಿದರು. 1322ರಲ್ಲಿ ಜಗದ್ಗುರು ಇಪ್ಪತ್ತೆರಡನೇ ಯೊವಾನ್ನರು ಈ ಏರ್ಪಾಡನ್ನು ಕಿತ್ತುಹಾಕಿದರು. ತಿಂದು ಮುಗಿಯುವ ಪದಾರ್ಥದಲ್ಲಿ ಬಳಕೆಯನ್ನೂ ಒಡೆತನವನ್ನೂ ಹೇಗೆ ಬೇರ್ಪಡಿಸುವುದು ಎಂಬುದು ಅವರ ವಾದ. ಆ ವಿವಾದದ ಆಳಕ್ಕೆ ಇಳಿಯುವಷ್ಟು ಪಾಂಡಿತ್ಯ ನನಗಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ತೋರಿಸಬಯಸುತ್ತೇನೆ. ಆ ಸಹೋದರರು ಒಡೆತನವನ್ನು ತಾವಾಗಿಯೇ ತೊರೆದರು, ತೊರೆದು ಹಗುರಾದರು. ನಾವಾದರೋ ಬಡತನದ ವ್ರತವನ್ನು ಕೈಗೊಳ್ಳದೆಯೇ, ಪೂರ್ಣ ಬೆಲೆಯನ್ನೂ ತೆತ್ತು, 'ಸಮ್ಮತಿಸುತ್ತೇನೆ' ಎಂಬ ಗುಂಡಿಯೊಂದನ್ನು ಓದದೆ ಒತ್ತಿ, ಒಡೆತನವಿಲ್ಲದ ಬಳಕೆದಾರರಾಗಿದ್ದೇವೆ. ಅವರಂತೆ ಹಗುರಾಗಿದ್ದೇವೆಯೇ? ನನ್ನ ಪಟ್ಟಿಯಲ್ಲಿ ಇನ್ನೂ ತೆರೆದೇ ನೋಡದ ಆಟಗಳ ಸಂಖ್ಯೆಯನ್ನು ನೋಡಿದರೆ ಹಾಗೆನಿಸುವುದಿಲ್ಲ.

ಕೊಡುವ ಸ್ವಾತಂತ್ರ್ಯ ಜನರಿಗೆ ಎಷ್ಟು ಮುಖ್ಯವೆಂಬುದು 2013ರ ಜೂನ್ ತಿಂಗಳಲ್ಲಿ ಒಮ್ಮೆ ಬಹಿರಂಗವಾಗಿಯೇ ಪ್ರಕಟವಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಹೊಸ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೆ ಕೆಲವು ನಿಯಮಗಳನ್ನು ಘೋಷಿಸಿತ್ತು. ಯಂತ್ರವು 24 ಗಂಟೆಗೊಮ್ಮೆ ಅಂತರ್ಜಾಲಕ್ಕೆ ಹಾಜರಿ ಹಾಕಬೇಕು. ಡಿಸ್ಕಿನಲ್ಲಿ ಕೊಂಡ ಆಟವನ್ನು ಗೆಳೆಯನಿಗೆ ಕೊಡಬಹುದು. ಆದರೆ ಆತ ನಿಮ್ಮ ಗೆಳೆಯರ ಪಟ್ಟಿಯಲ್ಲಿ ಕನಿಷ್ಠ 30 ದಿನ ಇದ್ದಿರಬೇಕು, ಮತ್ತು ಒಂದು ಆಟವನ್ನು ಒಂದೇ ಸಲ ಕೊಡಬಹುದು. ಗೆಳೆತನಕ್ಕೆ 30 ದಿನದ ಅರ್ಹತಾ ಅವಧಿ! ಇದಕ್ಕೆ ಪ್ರತಿಸ್ಪರ್ಧಿಯಾದ ಸೋನಿ ಸಂಸ್ಥೆಯು ಅರ್ಧ ನಿಮಿಷಕ್ಕೂ ಕಡಿಮೆಯ ಒಂದು ಚಿತ್ರವನ್ನು ಬಿಡುಗಡೆ ಮಾಡಿತು. ತಮ್ಮ ಯಂತ್ರದಲ್ಲಿ ಆಟವನ್ನು ಹಂಚಿಕೊಳ್ಳುವುದು ಹೇಗೆಂದು ಕಲಿಸುವ ಪಾಠವೆಂಬಂತೆ ಅದು ಆರಂಭವಾಗುತ್ತದೆ. ಒಬ್ಬ ಅಧಿಕಾರಿ ಪಕ್ಕದಲ್ಲಿ ನಿಂತ ಇನ್ನೊಬ್ಬರಿಗೆ ಆಟದ ಡಬ್ಬಿಯನ್ನು ಕೈಯಿಂದ ಕೈಗೆ ಕೊಡುತ್ತಾರೆ. ಅಲ್ಲಿಗೆ ಪಾಠ ಮುಗಿಯಿತು. ಜೂನ್ 19ರಂದು ಮೈಕ್ರೋಸಾಫ್ಟ್ ಆ ನಿಯಮಗಳನ್ನು ಹಿಂತೆಗೆದುಕೊಂಡಿತು.

ಅಂದು ಗೆದ್ದವರು ನಾವು ಎಂದು ನನ್ನಂತಹವರು ಬೀಗಿದೆವು. ಆದರೆ ಸೋತ ನಿಯಮ ಹಿಂಬಾಗಿಲಿನಿಂದ ಒಳಬಂದಿತು. ಡಿಸ್ಕಿನ ಮೇಲೆ ನಿರ್ಬಂಧ ಬೇಡವೆಂದು ಕೂಗಿದ ನಾವೇ ಸೌಕರ್ಯಕ್ಕಾಗಿ ಡಿಸ್ಕನ್ನು ಬಿಟ್ಟು, ಇಳಿಸಿಕೊಳ್ಳುವ ಆಟಗಳತ್ತ ನಡೆದೆವು. ಆ ಚಿತ್ರ ತಯಾರಿಸಿದ ಸಂಸ್ಥೆಯೇ ಡಿಸ್ಕ್ ಹಾಕುವ ಸೀಳಿಲ್ಲದ ಪ್ಲೇಸ್ಟೇಷನ್ 5ನ್ನು 2020ರಿಂದ ಮಾರುತ್ತಿದೆ. ನಮ್ಮನ್ನು ಯಾರೂ ಬಲವಂತಪಡಿಸಲಿಲ್ಲ. ಮಳೆಗಾಲದ ರಾತ್ರಿ ಅಂಗಡಿಗೆ ಹೋಗುವುದಕ್ಕಿಂತ ಮಲಗಿದಲ್ಲೇ ಕೊಳ್ಳುವುದು ಸುಲಭ, ಅಷ್ಟೇ.

2025ರ ಜೂನ್ 5ರಂದು ಬಿಡುಗಡೆಯಾದ ನಿಂಟೆಂಡೊ ಸ್ವಿಚ್ 2ರ ವ್ಯವಸ್ಥೆ ನನ್ನನ್ನು ಇನ್ನೂ ಹೆಚ್ಚು ಯೋಚನೆಗೆ ಹಚ್ಚಿತು. ಇಳಿಸಿಕೊಂಡ ಆಟವನ್ನು ಇಲ್ಲಿ 'ವರ್ಚುವಲ್ ಗೇಮ್ ಕಾರ್ಡ್' ಎನ್ನುತ್ತಾರೆ. ಕುಟುಂಬದ ಗುಂಪಿನಲ್ಲಿ ನಮೂದಾದವರಿಗೆ ಅದನ್ನು ಎರವಲು ಕೊಡಬಹುದು. ಕೊಟ್ಟಾಗ ನಿಮ್ಮಲ್ಲಿ ಅದು ತೆರೆಯುವುದಿಲ್ಲ, ನಿಜವಾದ ವಸ್ತುವನ್ನು ಕೊಟ್ಟಂತೆಯೇ. ಎರಡು ವಾರ ತುಂಬಿದೊಡನೆ ಅದು ತಾನಾಗಿಯೇ ನಿಮ್ಮಲ್ಲಿಗೆ ಮರಳುತ್ತದೆ. ಕೆಲವರು ಇದನ್ನು ಗೇಲಿ ಮಾಡಿದರು. ನಾನು ಮಾಡಲಾರೆ, ಏಕೆಂದರೆ ಎರವಲು ಎಂಬುದನ್ನು ಪೂರ್ಣವಾಗಿ ಮರೆತ ಜಗತ್ತಿನಲ್ಲಿ ಇದು ಅದನ್ನು ನೆನಪಿಸಿಕೊಳ್ಳುವ ಪ್ರಯತ್ನ. ಆದರೂ ಏನೋ ಒಂದು ಕಾಣೆಯಾಗಿದೆ. ಪಡೆದವನು ಹಿಂದಿರುಗಿಸುವುದಿಲ್ಲ, ಅವನಿಂದ ತೆಗೆದುಕೊಳ್ಳಲಾಗುತ್ತದೆ. ಅವನು ಪ್ರಾಮಾಣಿಕನಾಗಿರಲು ಅವಕಾಶವೇ ಇಲ್ಲ, ಅಪ್ರಾಮಾಣಿಕನಾಗಲೂ ಇಲ್ಲ. ಕೊಟ್ಟವನು ನಂಬಬೇಕಾಗಿಲ್ಲ. 'ಮುಗಿಸಿ ಕೊಡು' ಎಂದ ಅಣ್ಣನ ಮಾತಿನಲ್ಲಿ ದಿನಾಂಕವಿರಲಿಲ್ಲ. ನನ್ನ ಮೇಲೆ ಭರವಸೆಯಿತ್ತು. ಹದಿನಾಲ್ಕು ದಿನಗಳ ಗಡಿಯಾರವಿದ್ದಿದ್ದರೆ ನಾನು ಸುಳ್ಳುಗಾರನಾಗುತ್ತಿರಲಿಲ್ಲ. ಆದರೆ ನನ್ನನ್ನು ಯಾರಾದರೂ ನಂಬಿದ್ದರು ಎಂಬುದೂ ಇರುತ್ತಿರಲಿಲ್ಲ. ಇವೆರಡರಲ್ಲಿ ಯಾವುದು ಮೇಲು ಎಂದು ನೀವು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಸುಳ್ಳಿನ ಭಾರವನ್ನು ಹೊತ್ತವನಾಗಿಯೂ ನಾನು ಎರಡನೆಯದನ್ನು ಬಿಟ್ಟುಕೊಡಲು ಸಿದ್ಧನಿಲ್ಲ ಎಂದಷ್ಟೇ ಹೇಳಬಲ್ಲೆ.

ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್ ಯಂತ್ರದ ಕ್ಯಾಸೆಟ್ಟುಗಳ ಮೇಲೆ ಅಲ್ಲಿನ ಮಕ್ಕಳು ತಮ್ಮ ಹೆಸರು ಬರೆಯುತ್ತಿದ್ದರು, ಕೈಯಿಂದ ಕೈಗೆ ಹೋಗುವಾಗ ಕಳೆದುಹೋಗದಿರಲೆಂದು. ಹೀಗೆ ಹೆಸರು ಬರೆದ ಹಳೆಯ ಕ್ಯಾಸೆಟ್ಟುಗಳನ್ನು ಸೆಕೆಂಡ್ ಹ್ಯಾಂಡ್ ಅಂಗಡಿಗಳಿಂದ ಕೊಂಡು ಸಂಗ್ರಹಿಸಿ, ಮೂಲ ಒಡೆಯರನ್ನು ಪತ್ತೆಹಚ್ಚಿ ಹಿಂದಿರುಗಿಸಲು ಯತ್ನಿಸುವ ಸಂಗ್ರಾಹಕರೊಬ್ಬರು ಅಲ್ಲಿದ್ದಾರೆ. ಸಂಗ್ರಹಕಾರರ ಮಾರುಕಟ್ಟೆಯಲ್ಲಿ ಗೀಚಿದ ಕ್ಯಾಸೆಟ್ಟಿಗೆ ಬೆಲೆ ಕಡಿಮೆ. ಅವರಿಗೆ ಆ ಗೀಚೇ ಮುಖ್ಯ. ಇಂದಿನ ಆಟದ ಮೇಲೆ ಮಗುವೊಂದು ತನ್ನ ಹೆಸರನ್ನು ಎಲ್ಲಿ ಬರೆಯಬೇಕು?

ಇಷ್ಟು ಕೊಡುವ ಮಾತಾಯಿತು. ಉಳಿಸಿಕೊಳ್ಳುವ ಮಾತೂ ಇದೆ. ಯೂಬಿಸಾಫ್ಟ್ ಸಂಸ್ಥೆಯ 'ದಿ ಕ್ರೂ' ಎಂಬ ಕಾರು ಓಟದ ಆಟ 2014ರಲ್ಲಿ ಮಾರಾಟಕ್ಕೆ ಬಂದಿತ್ತು. ಒಬ್ಬರೇ ಆಡಿದರೂ ಅದಕ್ಕೆ ಸಂಸ್ಥೆಯ ಸರ್ವರ್‌ಗಳ ಸಂಪರ್ಕ ಬೇಕಾಗಿತ್ತು. 2024ರ ಮಾರ್ಚ್ 31ರಂದು ಆ ಸರ್ವರ್‌ಗಳನ್ನು ಮುಚ್ಚಲಾಯಿತು. ಅಂಗಡಿಯಲ್ಲಿ ಡಿಸ್ಕ್ ಕೊಂಡವರ ಕೈಯಲ್ಲೂ ಅದು ಬರಿಯ ಪ್ಲಾಸ್ಟಿಕ್ ಆಯಿತು. ಇದರಿಂದ ಕೆರಳಿದ ಆಟಗಾರರು 'ಆಟಗಳನ್ನು ಕೊಲ್ಲುವುದನ್ನು ನಿಲ್ಲಿಸಿ' ಎಂಬ ಅಭಿಯಾನ ಆರಂಭಿಸಿದರು. ಐರೋಪ್ಯ ಒಕ್ಕೂಟದ ಮುಂದಿಟ್ಟ ಅವರ ಮನವಿಗೆ 2025ರ ಜುಲೈ ಕೊನೆಯೊಳಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಸೇರಿದವು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಕೊಡುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಇಂತಹ ಸರಕನ್ನು 'ಕೊಳ್ಳಿ' ಎಂದು ಮಾರುವಂತಿಲ್ಲ. ಕಾನೂನು ವಸ್ತುವನ್ನು ಹಿಂದಿರುಗಿಸಲಿಲ್ಲ. ಆದರೆ ಪದಕ್ಕೆ ಅದರ ಅರ್ಥವನ್ನು ಹಿಂದಿರುಗಿಸಿತು. ಅದೂ ಸಣ್ಣ ಕೆಲಸವಲ್ಲ.

ಆಟಗಳೆಂದರೆ ಕಾಲಹರಣ, ಅವು ಹೋದರೆ ಹೋಗಲಿ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಓದುಗರ ಕಿಂಡಲ್ ಯಂತ್ರಗಳಿಂದ ಜಾರ್ಜ್ ಆರ್ವೆಲ್ಲರ ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತ್ತು. ಹಣವನ್ನು ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಹಾಗೆ ಅಳಿಸಿದ ಪುಸ್ತಕಗಳಲ್ಲಿ ಒಂದು 'ನೈನ್‌ಟೀನ್ ಎಯ್ಟಿಫೋರ್'. ಕಥೆಗಾರರು ಕಲ್ಪಿಸಿದ್ದರೆ ಅತಿಯಾಯಿತೆಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಇನ್ನೊಂದು ಪಕ್ಷವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಡಿಸ್ಕ್ ಕೈಯಿಂದ ಕೈಗೆ ಹೋದಾಗ ಅದನ್ನು ಸೃಷ್ಟಿಸಿದವರಿಗೆ ಎರಡನೆಯ ಕೈಯಿಂದ ಏನೂ ಸಲ್ಲುವುದಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಪುಟ್ಟ ತಂಡದ 'ಹಾಲೋ ನೈಟ್: ಸಿಲ್ಕ್‌ಸಾಂಗ್' 2025ರ ಸೆಪ್ಟೆಂಬರ್ 4ರಂದು ಅಮೆರಿಕದಲ್ಲಿ ಕೇವಲ 20 ಡಾಲರ್ ಬೆಲೆಗೆ ಬಂತು, ಜಗತ್ತಿನೆಲ್ಲೆಡೆ ಒಂದೇ ದಿನ. ಡಿಸ್ಕ್ ಅಚ್ಚುಹಾಕಿಸಿ ಹಡಗಿನಲ್ಲಿ ಕಳುಹಿಸಬೇಕಾಗಿದ್ದರೆ ಇಂತಹ ತಂಡಕ್ಕೆ ಅದು ದುಸ್ಸಾಧ್ಯವಾಗುತ್ತಿತ್ತು. ಆ ಆಟದ ಕಠಿಣತೆ ನನ್ನ ವಯಸ್ಸಿಗೆ ಮೀರಿದ್ದು. ಆದರೂ ಅದರ ಒಂದೊಂದು ಗುಹೆಯಲ್ಲೂ ಕೈಬರಹದ ಶ್ರದ್ಧೆ ಕಾಣುತ್ತದೆ. ಚಂದಾ ಸೇವೆಗಳೂ ನನಗೆ ಎಷ್ಟೋ ಬಾಗಿಲು ತೆರೆದಿವೆ. ಫ್ರಾನ್ಸಿನ ತಂಡವೊಂದು ತಯಾರಿಸಿದ 'ಕ್ಲೇರ್ ಒಬ್‌ಸ್ಕೂರ್: ಎಕ್ಸ್‌ಪೆಡಿಷನ್ 33' 2025ರ ಏಪ್ರಿಲ್‌ನಲ್ಲಿ ಹೊರಬಂದ ದಿನವೇ ಗೇಮ್ ಪಾಸ್ ಚಂದಾದಾರರಿಗೂ ದೊರೆಯಿತು. ಆ ಕಥೆಯಲ್ಲಿ ಚಿತ್ರಗಾರ್ತಿಯೊಬ್ಬಳು ವರ್ಷಕ್ಕೊಮ್ಮೆ ಎದ್ದು ಕಲ್ಲಿನ ಮೇಲೆ ಒಂದು ಅಂಕಿಯನ್ನು ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ಹೊಗೆಯಾಗಿ ಮಾಯವಾಗುತ್ತಾರೆ. ಇನ್ನು ಹೋಗಲಿರುವವರಿಗೆ ಊರಿನವರು ಹೂವಿನ ಹಾರ ಹಾಕಿ ಬೀಳ್ಕೊಡುವ ಮೊದಲ ದೃಶ್ಯದಲ್ಲಿ ನಾನು ಆಟವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಚಂದಾ ಸೇವೆಗಳ ಪಟ್ಟಿಯಲ್ಲೂ ತಿಂಗಳು ತಿಂಗಳು 'ಶೀಘ್ರದಲ್ಲೇ ಹೋಗಲಿವೆ' ಎಂಬ ಸಾಲೊಂದು ಕಾಣಿಸಿಕೊಳ್ಳುತ್ತದೆ. ಅಲ್ಲಿ ಹಾರ ಹಾಕುವವರಿಲ್ಲ.

ನನ್ನ ವಾದದ ಇನ್ನೊಂದು ಬಿರುಕನ್ನೂ ಮುಚ್ಚಿಡಲಾರೆ. ನಾವು ಬಾಲ್ಯದಲ್ಲಿ ಹಂಚಿಕೊಂಡು ಆಡಿದ ಕ್ಯಾಸೆಟ್ಟುಗಳಲ್ಲಿ ಬಹುಪಾಲು ನಕಲಿಯೇ. ಸೃಷ್ಟಿಸಿದವರಿಗೆ ಕಾಸೂ ಸಲ್ಲದ ಆ ಹಂಚಿಕೆಯನ್ನು ಔದಾರ್ಯ ಎನ್ನುವುದು ಹೇಗೆ? ಇನ್ನೊಬ್ಬರ ತೋಟದ ಮಾವನ್ನು ಕಿತ್ತು ಗೆಳೆಯರಿಗೆ ಹಂಚಿದಂತಲ್ಲವೇ ಅದು? ಆದ್ದರಿಂದಲೇ ಅಣ್ಣನ ಆ ಅಸಲಿ ಡಿಸ್ಕಿಗೆ ನನ್ನ ಮನಸ್ಸಿನಲ್ಲಿ ಬೇರೆಯೇ ತೂಕವಿದೆ. ಅವರು ನಿಜವಾಗಿಯೂ ತಮ್ಮದಾದುದನ್ನು ನನಗೆ ಕೊಟ್ಟಿದ್ದರು.

ಅವರು ಊರಿಗೆ ಮರಳಿದ್ದಾರೆಂದು ಕಳೆದ ತಿಂಗಳು ಪರಿಚಿತರೊಬ್ಬರಿಂದ ತಿಳಿಯಿತು. ದೂರವಾಣಿ ಸಂಖ್ಯೆ ಪಡೆಯಲು ಒಂದು ನಿಮಿಷ ಸಾಕಾಯಿತು. ಕರೆ ಮಾಡಲು ಒಂಬತ್ತು ದಿನ ಬೇಕಾಯಿತು. ಕುಶಲ ವಿಚಾರಿಸಿದ ಮೇಲೆ ವಿಷಯ ಹೇಳಿದೆ: ಅಂದು ಅದು ಕಳೆದಿರಲಿಲ್ಲ, ಸೆಳೆಖಾನೆಯಲ್ಲೇ ಇತ್ತು, ನಾನು ಸುಳ್ಳು ಹೇಳಿದೆ. ಆ ಕಡೆ ಕೊಂಚ ಹೊತ್ತು ಮೌನ.

"ಗೊತ್ತಿತ್ತು ಮಾರಾಯ" ಎಂದರು. ಆಮೇಲೆ, "ಮುಗಿಸಿದೆಯಾ?"

"ಮುಗಿಸಿದೆ ಅಣ್ಣ. ಹೊಸ ರೂಪದಲ್ಲಿ, 2020ರಲ್ಲಿ."

"ನಾನು ಕೇಳಿದ್ದು ನನ್ನ ಸಿಡಿಯಲ್ಲಿ."

ಅವರಿಗೆ ಹತ್ತು ವರ್ಷದ ಮಗಳಿದ್ದಾಳಂತೆ. ಅವರ ಹಳೆಯ ಯಂತ್ರ ಎಂದೋ ಕೆಟ್ಟುಹೋಗಿದೆ. ಈ ಡಿಸ್ಕ್ ಹಾಕಲು ಅವರ ಮನೆಯಲ್ಲಿ ಏನೂ ಇಲ್ಲ. ಬರುವಾಗ ನನ್ನ ಯಂತ್ರವನ್ನೂ ತರುತ್ತೇನೆಂದು ಹೇಳಿದ್ದೇನೆ.

ಮೊನ್ನೆ ಅಟ್ಟದಿಂದ ಅದನ್ನು ಇಳಿಸಿ ಧೂಳು ಒರೆಸಿದೆ. ಮೊದಲ ಮೂರು ಸಲ ಡಿಸ್ಕನ್ನು ಓದಲು ನಿರಾಕರಿಸಿತು. ಲೆನ್ಸನ್ನು ಒರೆಸಿದ ಮೇಲೆ ನಾಲ್ಕನೆಯ ಸಲ ಸುತ್ತಲಾರಂಭಿಸಿತು. 8 ಮೆಗಾಬೈಟಿನ ಆ ಪುಟ್ಟ ಮೆಮೊರಿ ಕಾರ್ಡಿನಲ್ಲಿ 2007ರ ನನ್ನ ಆಟ ಹಾಗೆಯೇ ಇತ್ತು. ಕುದುರೆ ನಿಂತಿತ್ತು. ಹದಿನಾರನೆಯವನು ಬಾಕಿ. ಬರುವ ಶನಿವಾರದವರೆಗೆ ನನಗೆ ಐದು ರಾತ್ರಿಗಳಿವೆ.